ಹಳೇ ಡೆಸ್ಕ್‌ಟಾಪ್‌ನಲ್ಲೇ ಹಾಡು ರೆಕಾರ್ಡ್ ಮಾಡುವುದು ಹೇಗೆ?

2012–13ರಲ್ಲಿ ಕೊಂಡ ಡೆಸ್ಕ್‌ಟಾಪ್ ಇನ್ನೂ ಎಷ್ಟೋ ಮನೆಗಳಲ್ಲಿದೆ. ಮೂರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಅದರಲ್ಲಿ ಹಾಡಲು ಕೂತರೆ ಕರಕರ ಸದ್ದು, ಇಲ್ಲವೇ ನಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳುತ್ತದೆ. ಕೂಡಲೇ ಹೊಸ ಕಂಪ್ಯೂಟರಿಗೆ ಹಣ ಸುರಿಯುವವರನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಸ್ವಲ್ಪ ತಡೆಯಿರಿ. ಎಷ್ಟೋ ಸಲ ತಪ್ಪಿರುವುದು ಸೆಟ್ಟಿಂಗ್‌ನಲ್ಲಿ.

1. ಮೊದಲು ಡಬ್ಬ ಬಿಚ್ಚಿ. ಹಾರ್ಡ್‌ಡಿಸ್ಕ್ ತೆಗೆದು 256 ಜಿಬಿಯ ಸಾಟಾ ಎಸ್‌ಎಸ್‌ಡಿ (ಹೆಚ್ಚು ವೇಗದ ಡಿಸ್ಕ್) ಹಾಕಿಸಿ. ಧೂಳು ಊದಿ, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಬಿಸಿಯಾದ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ.

2. ಸಾಫ್ಟ್‌ವೇರ್. ನನ್ನ ಮಾತು ಕೇಳುವುದಾದರೆ ರೀಪರ್ ಎಂಬ ರೆಕಾರ್ಡಿಂಗ್ ಪ್ರೋಗ್ರಾಮ್ ಹಾಕಿಕೊಳ್ಳಿ. ಹಗುರ, ಬೇಗ ತೆರೆಯುತ್ತದೆ, 60 ದಿನ ಉಚಿತವಾಗಿ ಬಳಸಿ ನೋಡಬಹುದು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುವ ಕಳ್ಳ ಪ್ಲಗಿನ್‌ಗಳ (ದನಿ ತಿದ್ದಲು ಸೇರಿಸುವ ಪುಟ್ಟ ಪ್ರೋಗ್ರಾಮ್‌ಗಳ) ಗಂಟನ್ನು ಮಾತ್ರ ಮುಟ್ಟಬೇಡಿ. ವೈರಸ್ ಒಂದು ಕಡೆ, ಹಾಡಿನ ನಡುವೆ ಪ್ರೋಗ್ರಾಮೇ ಮುಚ್ಚಿಹೋಗುವುದು ಇನ್ನೊಂದು ಕಡೆ. ರೀಪರ್ ಜೊತೆ ಬರುವ ಇಕ್ಯೂ (ದನಿಯ ದಪ್ಪ-ತೆಳು ತಿದ್ದುವುದು), ಕಂಪ್ರೆಸರ್ (ಜೋರು-ಮೆಲು ಸಮ ಮಾಡುವುದು) ಧಾರಾಳ ಸಾಕು.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಇಷ್ಟು ಹಳೇ ಪ್ರೊಸೆಸರಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವೂ ಇಲ್ಲ. ಹಾಗಾಗಿ ಈ ಯಂತ್ರವನ್ನು ರೆಕಾರ್ಡಿಂಗಿಗೇ ಮೀಸಲಿಟ್ಟು ನೆಟ್ ತೆಗೆದುಬಿಡಿ. ವೈಫೈ ಡ್ರೈವರ್ ಕೊಡುವ ಕಾಟವೂ ತಪ್ಪುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಆರಿಸಿ.

3. ಬಫರ್. ಎಲ್ಲರೂ ಎಡವುವುದು ಇಲ್ಲೇ. ಕಂಪ್ಯೂಟರ್ ದನಿಯನ್ನು ಕಂತು ಕಂತಾಗಿ ತೆಗೆದುಕೊಳ್ಳುತ್ತದೆ. ಒಂದು ಕಂತಿನ ಅಳತೆಯೇ ಬಫರ್. ಸೆಕೆಂಡಿಗೆ 44,100 ಸ್ಯಾಂಪಲ್ (ದನಿಯ ಬಿಡಿ ಅಳತೆ) ಲೆಕ್ಕದಲ್ಲಿ 1024 ಸ್ಯಾಂಪಲ್‌ನ ಬಫರ್ ಅಂದರೆ ಸುಮಾರು 23 ಮಿಲಿಸೆಕೆಂಡ್. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ, ಅಲ್ಲಿಗೆ 46. ಅಷ್ಟು ತಡವಾದರೆ ತಾಳ ಹಿಡಿಯಲು ಆಗುವುದಿಲ್ಲ. ಬಫರನ್ನು 128ಕ್ಕೆ ಇಳಿಸಿದರೆ ಒಂದು ಕಂತು 3 ಮಿಲಿಸೆಕೆಂಡ್. ಆದರೆ ಅಷ್ಟರೊಳಗೆ ಎಲ್ಲ ಲೆಕ್ಕ ಮುಗಿಸಲು ಹಳೇ ಪ್ರೊಸೆಸರಿಗೆ ಆಗದಿದ್ದರೆ ಕರಕರ ಶುರು.

ಒಂದೇ ಬಫರ್‌ನಲ್ಲಿ ಎಲ್ಲ ಕೆಲಸ ಮಾಡಲು ಹೋಗಬೇಡಿ. ರೆಕಾರ್ಡ್ ಮಾಡುವಾಗ ಪ್ಲಗಿನ್‌ಗಳನ್ನೆಲ್ಲ ಆಫ್ ಮಾಡಿ 128 ಅಥವಾ 256 ಇಡಿ. ಮಿಕ್ಸಿಂಗ್‌ಗೆ (ಎಲ್ಲ ದನಿಗಳನ್ನು ಹದವಾಗಿ ಬೆರೆಸಲು) ಕೂತಾಗ 1024ಕ್ಕೆ ಏರಿಸಿ. ಆಗ ತಡವಾದರೂ ಏನೂ ಕೆಡುವುದಿಲ್ಲ, ನೀವು ಹಾಡುತ್ತಿಲ್ಲವಲ್ಲ!

ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇದ್ದವರು ಅದರ ಕಂಪನಿಯದೇ ಏಸಿಯೋ ಡ್ರೈವರ್ (ದನಿಯ ತಡ ತಗ್ಗಿಸುವ ಬಗೆಯದು) ಹಾಕಿ. ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಒತ್ತಿ. ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಕಿವಿಗೆ ಬರುತ್ತದೆ. ಆಗ ರೀಪರ್‌ನ ಟ್ರ್ಯಾಕಿನಲ್ಲಿ (ಒಂದೊಂದು ದನಿಗೂ ಇರುವ ಸಾಲಿನಲ್ಲಿ) ಮಾನಿಟರಿಂಗ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳುತ್ತದೆ. ಇಂಟರ್‌ಫೇಸ್ ಇಲ್ಲದವರಿಗೆ ಏಸಿಯೋ4ಆಲ್ ಎಂಬ ಉಚಿತ ಡ್ರೈವರ್ ಇದೆ. ಬೆರಳುದ್ದದ ಅಗ್ಗದ ಯುಎಸ್‌ಬಿ ಸೌಂಡ್‌ಕಾರ್ಡ್ ಮಾತ್ರ ಬೇಡ, ಗೊರ‍್ರೆನ್ನುವ ಸದ್ದನ್ನು ಆಮೇಲೆ ಪೂರ್ತಿ ತೊಳೆಯುವುದು ಕಷ್ಟ.

4. ಮುಗಿದ ಟ್ರ್ಯಾಕ್ ಫ್ರೀಜ್ ಮಾಡಿ. ಒಂದು ಟ್ರ್ಯಾಕಿನ ಪ್ಲಗಿನ್‌ಗಳು ಒಂದರ ಹಿಂದೊಂದು ಓಡಬೇಕು. ಒಂದೇ ಟ್ರ್ಯಾಕಿನಲ್ಲಿ ಹತ್ತು ತುಂಬಿದರೆ ಪ್ರೊಸೆಸರಿನ ಉಳಿದ ಕೋರ್‌ಗಳು (ಲೆಕ್ಕ ಮಾಡುವ ಭಾಗಗಳು) ಸುಮ್ನೆ ಕೂತಿದ್ದರೂ ಆ ಟ್ರ್ಯಾಕ್ ನೋಡಿಕೊಳ್ಳುವ ಕೋರ್ ಒದ್ದಾಡುತ್ತದೆ. ತಂಬೂರಿ, ಕೀಬೋರ್ಡ್ ಕೆಲಸ ಮುಗಿಯಿತೇ? ಟ್ರ್ಯಾಕ್ ಆರಿಸಿ, ಟ್ರ್ಯಾಕ್ ಮೆನುವಿನಲ್ಲಿ ಸ್ಟೀರಿಯೋ ಫ್ರೀಜ್ ಒತ್ತಿ. ಅದು ಬರೀ ಆಡಿಯೋ ಫೈಲ್ ಆಗುತ್ತದೆ, ಪ್ರೊಸೆಸರ್ ಮೇಲಿನ ಭಾರ ಇಳಿಯುತ್ತದೆ. ತಿದ್ದಬೇಕೆನಿಸಿದರೆ ಅನ್‌ಫ್ರೀಜ್ ಮಾಡಿ.

ರಿವರ್ಬ್ (ಕೋಣೆಯ ಗುಂಗು ಕೊಡುವ ಪ್ಲಗಿನ್) ಅನ್ನು ಟ್ರ್ಯಾಕಿಗೊಂದರಂತೆ ಹಾಕಬೇಡಿ. ಬೇರೆ ಟ್ರ್ಯಾಕಿನಲ್ಲಿ ಒಂದೇ ಒಂದು ಇಟ್ಟು ಎಲ್ಲ ಟ್ರ್ಯಾಕುಗಳ ದನಿಯ ಒಂದು ಪಾಲನ್ನು ಅಲ್ಲಿಗೆ ಸೆಂಡ್ ಮಾಡಿ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಹಾಡಿದಂತೆಯೂ ಕೇಳುತ್ತದೆ.

5. ರೆಂಡರ್, ಅಂದರೆ ಮುಗಿದ ಹಾಡನ್ನು ಒಂದು ಫೈಲಾಗಿ ತೆಗೆಯುವುದು. ಪ್ಲೇ ಮಾಡುವಾಗ ಮಾತ್ರ ಬರುವ ಕರಕರ ರೆಂಡರ್ ಆದ ಫೈಲಿಗೆ ಸಾಮಾನ್ಯವಾಗಿ ಬರುವುದಿಲ್ಲ, ಅಲ್ಲಿ ಕಂಪ್ಯೂಟರ್ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಹಾಡುವಾಗಲೇ ಬಿದ್ದ ಕರಕರ ಮಾತ್ರ ಫೈಲಿನೊಳಗೇ ಉಳಿಯುತ್ತದೆ. ಆ ಸಾಲನ್ನು ಮತ್ತೆ ಹಾಡಿ.