ಜಿಗ್‌ಬೀ ಸೆನ್ಸರನ್ನು ಕಂಪ್ಯೂಟರಿಗೆ ಜೋಡಿಸುವುದು ಹೇಗೆ?

ಅಣಬೆ ಕೋಣೆಯ ಉಷ್ಣತೆ, ತೇವಾಂಶವನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ನೋಡಲು ತಂತಿ ಎಳೆಯಬೇಕಿಲ್ಲ. ಬಟನ್ ಸೆಲ್ಲಿನಲ್ಲಿ ನಡೆಯುವ, ಜಿಗ್‌ಬೀ ಎಂಬ ಕಡಿಮೆ ವಿದ್ಯುತ್ತಿನ ರೇಡಿಯೊ ಸಂಪರ್ಕ ಬಳಸುವ ಸೆನ್ಸರ್, ಅದರ ಸಂದೇಶ ಹಿಡಿಯಲು ಕಂಪ್ಯೂಟರಿಗೆ ಚುಚ್ಚುವ, ಸಿಸಿ2652ಪಿ ಚಿಪ್ ಇರುವ ಯುಎಸ್‌ಬಿ ಡಾಂಗಲ್, ಒಂದೂವರೆ ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಇದ್ದರೆ ಸಾಕು. ಸೋನಾಫ್‌ನ ಝಡ್‌ಬಿ ಡಾಂಗಲ್-ಪಿ ಇಂಥದ್ದೇ.

ಕೇಬಲ್ ಯಾಕೆ ಎಂದು ಬಿಡಬೇಡಿ. ಯುಎಸ್‌ಬಿ 3.0 ಪೋರ್ಟ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ರೇಡಿಯೊ ಗದ್ದಲ ಹೊಮ್ಮಿಸುತ್ತದೆ. ಜಿಗ್‌ಬೀ ಮಾತಾಡುವುದೂ ಅಲ್ಲೇ. ಹೊರಗಿನ ಹಾರ್ಡ್‌ಡಿಸ್ಕ್ ಪಕ್ಕ ಡಾಂಗಲ್ ಚುಚ್ಚಿದರೆ ಐದಾರು ಮೀಟರ್ ದೂರದ ಸೆನ್ಸರ್ ಕೂಡ ಆಗಾಗ ಕಳೆದುಹೋಗುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ಅಂಗಡಿಗೆ ಮರಳಿಸುವ ಮುನ್ನ ಡಾಂಗಲನ್ನು ಕ್ಯಾಬಿನೆಟ್ಟಿನಿಂದಲೂ ವೈಫೈ ರೌಟರಿನಿಂದಲೂ ದೂರಕ್ಕೆ ಎಳೆದು ನೋಡಿ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ‘ಪೋರ್ಟ್ಸ್’ ಅಡಿಯಲ್ಲಿ ಡಾಂಗಲಿನ ಕಾಮ್ (COM) ಪೋರ್ಟ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಳದಿ ಗುರುತು ಕಂಡರೆ ಸಿಲಿಕಾನ್ ಲ್ಯಾಬ್ಸ್‌ನ ಸಿಪಿ210ಎಕ್ಸ್ ಡ್ರೈವರ್ ಹಾಕಬೇಕು. ಆಮೇಲೆ ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ತಂತ್ರಾಂಶ ಓಡಿಸುವ ವ್ಯವಸ್ಥೆ), ಮಸ್ಕಿಟೊ ಬ್ರೋಕರ್ (ಸಂದೇಶಗಳನ್ನು ಹಂಚುವ ತಂತ್ರಾಂಶ), ಜಿಗ್‌ಬೀ2ಎಂಕ್ಯೂಟಿಟಿ (ಡಾಂಗಲಿನ ಮೂಲಕ ಸೆನ್ಸರ್ ಓದಿ ಬ್ರೋಕರಿಗೆ ಕೊಡುವ ತಂತ್ರಾಂಶ) ಮೂರನ್ನೂ ಇದೇ ಕ್ರಮದಲ್ಲಿ ಸ್ಥಾಪಿಸಿ. ಜಿಗ್‌ಬೀ2ಎಂಕ್ಯೂಟಿಟಿಯನ್ನು ಮೊದಲ ಸಲ ಓಡಿಸಿದಾಗ ಬ್ರೌಸರಿನಲ್ಲಿ 8080ನೇ ಪೋರ್ಟಿನ ಪುಟ (localhost:8080) ತೆರೆಯಿರಿ. ಅಲ್ಲಿ ಕಾಮ್ ಸಂಖ್ಯೆಯನ್ನೂ ಅಡಾಪ್ಟರ್ ‘ಝಡ್‌ಸ್ಟ್ಯಾಕ್’ ಎಂದೂ ಕೊಡಬೇಕು. ಸೋನಾಫ್‌ನ ‘ಇ’ ಮಾದರಿಯ ಡಾಂಗಲ್ ಆದರೆ ‘ಎಂಬರ್’. ಇದು ತಪ್ಪಿದರೆ ತಂತ್ರಾಂಶ ಶುರುವಾಗುವುದೇ ಇಲ್ಲ.

ಜಿಗ್‌ಬೀ ಯಾವ ಚಾನೆಲಿನಲ್ಲಿ ಮಾತಾಡಬೇಕು ಎಂಬುದನ್ನು ಈಗಲೇ ತೀರ್ಮಾನಿಸಿ, ಆಮೇಲೆ ಬದಲಿಸಿದರೆ ಸೆನ್ಸರುಗಳನ್ನು ಮತ್ತೆ ಜೋಡಿಸುವ ಪಾಡು ಬರಬಹುದು. ಮೂಲ ಆಯ್ಕೆ 11, ಅಂದರೆ 2405 ಮೆಗಾಹರ್ಟ್ಸ್. ವೈಫೈ 1ನೇ ಚಾನೆಲಿನಲ್ಲಿದ್ದರೆ ಎರಡೂ ಒಂದರ ಮೈಮೇಲೊಂದು ಬೀಳುತ್ತವೆ. 25, ಅಂದರೆ 2475 ಮೆಗಾಹರ್ಟ್ಸ್, ವಾಸಿ.

ಜೋಡಿಸುವಾಗ ಸೆನ್ಸರನ್ನು ಡಾಂಗಲಿನಿಂದ ಒಂದು ಮೀಟರ್ ಒಳಗೆ ಇಡಿ. ಪುಟದಲ್ಲಿ ‘ಪರ್ಮಿಟ್ ಜಾಯಿನ್’ ಒತ್ತಿದರೆ 254 ಸೆಕೆಂಡ್ ಬಾಗಿಲು ತೆರೆದಿರುತ್ತದೆ. ಸೆನ್ಸರಿನ ಗುಂಡಿಯನ್ನು ದೀಪ ಮಿನುಗುವವರೆಗೆ, ಸುಮಾರು 5 ಸೆಕೆಂಡ್, ಒತ್ತಿಹಿಡಿಯಿರಿ. ಬ್ಯಾಟರಿ ಉಳಿಸಲು ಸೆನ್ಸರ್ ತಕ್ಷಣ ನಿದ್ದೆಗೆ ಜಾರುತ್ತದೆ, ‘ಇಂಟರ್‌ವ್ಯೂ’, ಅಂದರೆ ತಂತ್ರಾಂಶ ಸೆನ್ಸರಿನ ವಿವರ ಕೇಳಿ ತಿಳಿಯುವ ಹಂತ, ಅರ್ಧಕ್ಕೇ ನಿಲ್ಲುವುದು ಇದರಿಂದಲೇ. ಎರಡು ಮೂರು ಸೆಕೆಂಡಿಗೊಮ್ಮೆ ಗುಂಡಿಯನ್ನು ಮೆಲ್ಲಗೆ ಒತ್ತುತ್ತ ಎಚ್ಚರವಿಡಿ. ಬ್ಯಾಟರಿ ಹಳೆಯದಾಗಿದ್ದರೂ ಹೀಗೇ ಆಗುತ್ತದೆ.

ನಡುವೆ ದಪ್ಪ ಗೋಡೆಗಳಿದ್ದರೆ ಮಧ್ಯದ ಸಾಕೆಟ್ಟಿಗೆ ಸಂದೇಶ ದಾಟಿಸುವ ಜಿಗ್‌ಬೀ ಪ್ಲಗ್ ಹಾಕಿ, ಅದರ ಮೂಲಕವೇ ಸೆನ್ಸರನ್ನು ಮತ್ತೊಮ್ಮೆ ಜೋಡಿಸಿ. ಬ್ಯಾಟರಿಯ ಸೆನ್ಸರುಗಳು ಒಂದರ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವುದಿಲ್ಲ.

ಕಾಮ್ ಪೋರ್ಟ್ ತೆರೆಯಲಾಗದೆ ‘ಆಕ್ಸೆಸ್ ಡಿನೈಡ್’ ಬಂದರೆ ಬೇರಾವುದೋ ತಂತ್ರಾಂಶ ಅದನ್ನು ಹಿಡಿದಿದೆ ಎಂದರ್ಥ. ಆರ್ಡುಯಿನೊದ ಸೀರಿಯಲ್ ಮಾನಿಟರ್ ತೆರೆದಿದ್ದರೆ ಮುಚ್ಚಿ. ಹತ್ತು ನಿಮಿಷವಾದರೂ ಅಂಕಿ ಅಲುಗಾಡದಿದ್ದರೆ ಗಾಬರಿ ಬೇಡ, ಬದಲಾವಣೆ ಆದಾಗಲೇ ಸೆನ್ಸರ್ ಹೇಳುವುದು. ಅದರ ರಂಧ್ರಕ್ಕೆ ಬಾಯಿಂದ ಬಿಸಿಯುಸಿರು ಬಿಟ್ಟು ನೋಡಿ, ತುಸು ಹೊತ್ತಿನಲ್ಲೇ ತೇವಾಂಶದ ಅಂಕಿ ಏರುತ್ತದೆ.