ದೇವಿಮನೆ ಘಟ್ಟ ಇಳಿದ ಮೇಲೆ ಬರುವ ನಿದ್ದೆ

ಶಿರಸಿಯಲ್ಲಿ ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್‌ಗಳನ್ನು ಮಾರಿ, ದುರಸ್ತಿಯನ್ನೂ ಮಾಡಿಕೊಡುವ ಸಂಸ್ಥೆಯೊಂದರಲ್ಲಿ ಮೆಕ್ಯಾನಿಕ್‌ಗಳ ಓಡಾಟ ನೋಡಿಕೊಳ್ಳುವುದು ನನ್ನ ಕೆಲಸ. ಯಾರು ಯಾವ ಊರಿಗೆ, ಎಷ್ಟು ಹೊತ್ತಿಗೆ ಹೊರಡಬೇಕೆಂದು ಬರೆದುಕೊಡುವವನು ನಾನೇ. ಗಾಡಿ ಓಡಿಸುತ್ತ ಅವರು ತೂಕಡಿಸಿದರೆ ಅದಕ್ಕೆ ಅರ್ಧ ಕಾರಣ ನಾನು ಬರೆದ ಆ ಚೀಟಿಯಲ್ಲಿಯೇ ಇರುತ್ತದೆ ಎಂದು ನಂಬಿ ಕೆಲಸ ಮಾಡುತ್ತಿದ್ದೇನೆ.

ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ತಿಂಗಳುಗಳೇ ನಮಗೆ ಕಠಿಣ. ಕೆಂಪಡಿಕೆ ಮಾಡುವವರ ಅಂಗಳದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿರುವಾಗ ಯಂತ್ರ ನಿಂತರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲವೂ ನಿಂತಹಾಗೆ. "ರಾತ್ರಿಯಾದರೂ ಅಡ್ಡಿಯಿಲ್ಲ, ಹುಡುಗನನ್ನು ಕಳಿಸಿಕೊಡಿ" ಎಂದು ಸಿದ್ದಾಪುರದಿಂದ ಫೋನು ಬರುತ್ತದೆ. ಅದೇ ಹೊತ್ತಿಗೆ ಹೊನ್ನಾವರದ ಕಡೆಯ ತೋಟಗಳಿಗೆ ನೀರು ಹಾಯಿಸುವ ಕಾಲ, ಅಲ್ಲಿ ಪಂಪ್ ಕೆಟ್ಟಿರುತ್ತದೆ. ಯಲ್ಲಾಪುರದಿಂದ ತಡವಾಗಿ ಬಂದವನನ್ನೇ ಮರುದಿನ ನಸುಕಿನಲ್ಲಿ ಘಟ್ಟದ ಕೆಳಗೆ ಕಳಿಸಬೇಕಾಗುತ್ತದೆ.

ಹೊಸ ಹುಡುಗರಿಗೆ ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ಭಯ. ನನಗೆ ಘಟ್ಟ ಇಳಿದ ಮೇಲಿನ ದಾರಿಯ ಭಯ. ತಿರುವುಗಳಲ್ಲಿ ಕೈ, ಕಾಲು, ಕಣ್ಣು ಮೂರಕ್ಕೂ ಕೆಲಸವಿರುತ್ತದೆ, ಅಲ್ಲಿ ನಿದ್ದೆ ಸುಳಿಯುವುದು ಕಡಿಮೆ. ಕುಮಟಾದಲ್ಲಿ ಮೀನೂಟ ಮುಗಿಸಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಬಂದರೆ ನೇರ ರಸ್ತೆ, ಕರಾವಳಿಯ ಸೆಕೆ, ಮೇಲಿಂದ ಮಧ್ಯಾಹ್ನದ ಹೊತ್ತು. ದೇಹಕ್ಕೆ ತಾನಾಗಿಯೇ ಜೊಂಪು ಹತ್ತುವ ಸಮಯ ದಿನಕ್ಕೆ ಎರಡು ಸಲ ಬರುತ್ತದೆ: ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಒಮ್ಮೆ, ಮಧ್ಯಾಹ್ನ ಎರಡರಿಂದ ನಾಲ್ಕರ ಆಸುಪಾಸಿನಲ್ಲಿ ಇನ್ನೊಮ್ಮೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ ಗಾಡಿ 50 ಮೀಟರ್ ಮುಂದೆ ಹೋಗಿರುತ್ತದೆ.

ಆದ್ದರಿಂದ ಕರಾವಳಿಯ ಕೆಲಸಗಳನ್ನು ಊಟಕ್ಕೆ ಮೊದಲೇ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದು ಮುಗಿಯುವಂತೆ ಹೊಂದಿಸುತ್ತೇನೆ. ಊಟದ ನಂತರ ಗಾಡಿ ಓಡಿಸಲೇಬೇಕಾದರೆ ಮೊದಲು ಒಂದು ಲೋಟ ಗಟ್ಟಿ ಚಹಾ ಕುಡಿದು, ನೆರಳಿನಲ್ಲಿ ಗಾಡಿ ನಿಲ್ಲಿಸಿ, ಮೊಬೈಲಿನಲ್ಲಿ ಇಪ್ಪತ್ತು ನಿಮಿಷದ ಅಲಾರಾಂ ಇಟ್ಟು ಮಲಗಬೇಕು. ಚಹಾದ ಪರಿಣಾಮ ಕಾಣಲು ಅಷ್ಟು ಹೊತ್ತು ಬೇಕು, ಏಳುವ ವೇಳೆಗೆ ಅದೂ ಕೈಗೂಡುತ್ತದೆ. ಮುಕ್ಕಾಲು ಗಂಟೆ, ಒಂದು ಗಂಟೆ ಮಲಗಿದರೆ ಎದ್ದಾಗ ತಲೆ ಭಾರವಾಗಿರುತ್ತದೆ. ಕವಳ (ಎಲೆಯಡಿಕೆ) ಹಾಕುವುದು, ಕಿಟಕಿ ತೆರೆಯುವುದು, ಜೋರಾಗಿ ಹಾಡು ಹಚ್ಚುವುದು ಇವೆಲ್ಲ ಸ್ವಲ್ಪ ಹೊತ್ತಿನ ಸಮಾಧಾನ. ಶೀತದ ಮಾತ್ರೆ ನುಂಗಿದವನಿಗೆ ಅಂದು ಸ್ಟೀರಿಂಗ್ ಕೊಡುವುದಿಲ್ಲ, ಅಂಥ ಹಲವು ಮಾತ್ರೆಗಳು ಮಂಪರು ತರಿಸುತ್ತವೆ.

ರಾತ್ರಿಯದು ಇನ್ನೂ ದೊಡ್ಡ ಪ್ರಶ್ನೆ. ಬೆಳಿಗ್ಗೆ ಐದಕ್ಕೆ ಎದ್ದವನು ರಾತ್ರಿ ಹತ್ತಕ್ಕೂ ಗಾಡಿ ಓಡಿಸುತ್ತಿದ್ದರೆ ಹದಿನೇಳು ತಾಸು ಎಚ್ಚರವಿದ್ದಂತಾಯಿತು. ಆಗ ಅವನ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವನ ಮಟ್ಟಕ್ಕೆ ಇಳಿದಿರುತ್ತದೆ ಎಂದು ನಿದ್ರೆಯ ಅಧ್ಯಯನಗಳು ತೋರಿಸಿವೆ. ನಮ್ಮ ಕಾನೂನಿನ ಮಿತಿ 30 ಮಿಲಿಗ್ರಾಂ. ಕುಡಿದವನನ್ನು ಪೊಲೀಸರು ಹಿಡಿಯುತ್ತಾರೆ, ನಿದ್ದೆಗೆಟ್ಟವನನ್ನು ತಡೆಯಲು ನಾವಲ್ಲದೆ ಬೇರೆ ಯಾರೂ ಇಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕರಿಗೆ ದಿನಕ್ಕೆ ಎಂಟು ತಾಸಿನ ಮಿತಿ ಹಾಕಿತ್ತು, ಐದು ತಾಸಿನ ದುಡಿಮೆಗೆ ಅರ್ಧ ತಾಸು ವಿಶ್ರಾಂತಿ ಇಟ್ಟಿತ್ತು. ನಮ್ಮವರು ಮೆಕ್ಯಾನಿಕ್‌ಗಳು, ಚಾಲಕರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆದರೂ ಅದೇ ಅಳತೆಯನ್ನು ನಾನು ಹಿಡಿದುಕೊಂಡೆ, ದುರಸ್ತಿಯ ಹೊತ್ತನ್ನೂ ದುಡಿಮೆಯಲ್ಲಿಯೇ ಎಣಿಸಿದೆ.

ನಿಜವಾದ ತೊಡಕು ದುಡ್ಡಿನದು. ಈ ವ್ಯಾಪಾರದಲ್ಲಿ ಹಿಂದಿನಿಂದಲೂ ಹೋದ ಮನೆಗಿಷ್ಟು ಎಂದು ಭತ್ಯೆ ಕೊಡುವ ರೂಢಿ. ಹಾಗಿರುವಾಗ ಇನ್ನೊಂದು ಮನೆ ಮುಗಿಸದೆ ಯಾರು ತಾನೆ ಮಲಗಿಯಾರು? ಅದನ್ನು ಬಿಡಿಸಿ, ಆ ಹಣವನ್ನು ಸಂಬಳಕ್ಕೂ ರಾತ್ರಿ ವಸ್ತಿಯ ಭತ್ಯೆಗೂ ಹಂಚುವಂತೆ ಮಾಲೀಕರನ್ನು ಒಪ್ಪಿಸಲು ಬಹಳ ಮಾತಾಡಬೇಕಾಯಿತು. ಈಗ ಒಂಬತ್ತು ದಾಟಿದ ಮೇಲೆ ಕೆಲಸ ಮುಗಿದರೆ ಅಲ್ಲಿಯೇ ಉಳಿಯುವುದು ನಿಯಮ. ಗ್ರಾಹಕರಿಗೆ ನಾನೇ ಫೋನು ಮಾಡಿ, "ಹೆಗಡೇರೆ, ಹುಡುಗ ಇವತ್ತು ನಿಮ್ಮಲ್ಲೇ ಉಳಿಯುತ್ತಾನೆ" ಎನ್ನುತ್ತೇನೆ. ನಮ್ಮ ಕಡೆಯ ಮನೆಗಳ ದೊಡ್ಡತನ ದೊಡ್ಡದು: ಊಟ ಹಾಕಿ, ಜಗುಲಿಯಲ್ಲಿ ಹಾಸಿಗೆ ಬಿಡಿಸಿ, ಬೆಳಿಗ್ಗೆ ದೋಸೆ ತಿನ್ನಿಸಿಯೇ ಕಳಿಸುತ್ತಾರೆ.

ಕೊಯ್ಲಿನ ಕಾಲವೇ ಯಕ್ಷಗಾನದ ಕಾಲವೂ ಹೌದು. ಬೆಳತನಕ ಆಟ ನೋಡಿ ಬಂದವನು ಅದನ್ನು ಮುಚ್ಚಿಟ್ಟರೆ ಅಪಾಯ. "ನಿನ್ನೆ ನಿದ್ದೆಯಾಗಿಲ್ಲ" ಎಂದವನಿಗೆ ಅಂದು ವರ್ಕ್‌ಶಾಪಿನಲ್ಲಿಯೇ ಕೆಲಸ, ಸಂಬಳ ಕಡಿತವಿಲ್ಲ, ಕಾರಣವನ್ನೂ ಕೇಳುವುದಿಲ್ಲ. ಇದನ್ನು ಅವರು ನಂಬುವುದಕ್ಕೆ ಸಮಯ ಹಿಡಿಯಿತು. ಹಿರಿಯ ಮೆಕ್ಯಾನಿಕ್ ಒಬ್ಬರು ಎಲ್ಲರೆದುರು ಮೊದಲು ಹಾಗೆ ಹೇಳಿ, ಗಾಡಿಯ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟ ಮೇಲೆ ಉಳಿದವರೂ ಬಾಯಿಬಿಟ್ಟರು.

ರಸ್ತೆ ಕೆಲಸಕ್ಕೆಂದು ಘಟ್ಟ ಮುಚ್ಚಿ ಸುತ್ತು ಹಾಕಬೇಕಾದ ದಿನಗಳಲ್ಲಿ ಮಾತ್ರ ಈ ಏರ್ಪಾಡು ಇನ್ನೂ ಸಾಲುತ್ತಿಲ್ಲ. ಮುಂದಿನ ಕೊಯ್ಲಿನೊಳಗೆ ಹೊನ್ನಾವರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಬಿಡಿಭಾಗಗಳೊಂದಿಗೆ ಒಬ್ಬ ಮೆಕ್ಯಾನಿಕ್‌ನನ್ನು ಅಲ್ಲಿಯೇ ಇರಿಸಬೇಕೆಂದು ಕೇಳಿದ್ದೇನೆ. ಮಾಲೀಕರು ಬಾಡಿಗೆಯ ಲೆಕ್ಕ ನೋಡುತ್ತಿದ್ದಾರೆ.