ಆಲ್ಬಮ್‌ಗೆ ಅಂಟಿದ ನೋಟ್‌ಗೆಲ್ಡ್ ಬಿಡಿಸುವುದು ಹೇಗೆ?

1914ರಲ್ಲಿ ಯುದ್ಧ ಶುರುವಾದದ್ದೇ ತಡ, ಜರ್ಮನಿಯಲ್ಲಿ ಚಿಲ್ಲರೆ ಮಾಯವಾಯಿತು. ಜನ ನಾಣ್ಯ ಕೂಡಿಟ್ಟರು, ಲೋಹ ಯುದ್ಧದ ಪಾಲಾಯಿತು. ಆಗ ಊರೂರಿನ ನಗರಸಭೆಗಳೇ 10, 25, 50 ಫೆನಿಗ್‌ನ (ಅಲ್ಲಿನ ಪೈಸೆ) ಕಾಗದದ ನೋಟು ಅಚ್ಚು ಹಾಕಿಸಿದವು. ಅದೇ ನೋಟ್‌ಗೆಲ್ಡ್. 1920ರ ನಂತರದ ಬಣ್ಣದ ಸರಣಿಗಳನ್ನು ಸಂಗ್ರಾಹಕರಿಗೆಂದೇ ಮುದ್ರಿಸಿದ್ದು ಹೆಚ್ಚು. ಅವು ಗಲ್ಲಾಪೆಟ್ಟಿಗೆ ಕಾಣದೆ ನೇರ ಆಲ್ಬಮ್ ಸೇರಿದವು, ಬೆನ್ನಿಗೆ ಗೋಂದು ಮೆತ್ತಿಸಿಕೊಂಡು.

1. ಬೀಲೆಫೆಲ್ಡ್ ಊರಿನ ರೇಷ್ಮೆ, ಲಿನನ್ ನೋಟುಗಳಿದ್ದರೆ ಬೇರೆ ಇಡಿ. ಅವಕ್ಕೆ ನೀರು ಸೋಕಿಸಬೇಡಿ.

2. ಶಾಯಿ ಪರೀಕ್ಷಿಸಿ. ಮುದ್ರಿತ ಚಿತ್ರ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಕೈಕೊಡುವುದು ಕ್ರಮಸಂಖ್ಯೆ, ರಬ್ಬರ್ ಮೊಹರು ಮತ್ತು ಶಾಯಿಯ ಸಹಿ. ಡಿಸ್ಟಿಲ್ಡ್ ನೀರಿನ ಒಂದು ಚುಕ್ಕೆಯನ್ನು ಇವುಗಳ ಅಂಚಿಗೆ ಮುಟ್ಟಿಸಿ, ಒಂದು ನಿಮಿಷ ಬಿಟ್ಟು ಬಿಳಿ ಒತ್ತುಕಾಗದ (ಬ್ಲಾಟಿಂಗ್ ಪೇಪರ್) ಒತ್ತಿ. ಬಣ್ಣ ಬಂತೋ, ಅಲ್ಲಿಗೇ ನಿಲ್ಲಿಸಿ. ಆಲ್ಬಮ್ ಹಾಳೆಯನ್ನೇ ನೋಟಿನ ಸುತ್ತ ಕತ್ತರಿಸಿ ಹಾಗೇ ಇಟ್ಟುಕೊಳ್ಳಿ.

3. ಹೆಚ್ಚಿನವರು ಕೆಡಿಸುವುದು ಇಲ್ಲೇ. ಹಾಳೆಯಿಂದ ನೋಟನ್ನು ಕೀಳಬಾರದು, ನೋಟಿನಿಂದ ಹಾಳೆಯನ್ನು ಕೀಳಬೇಕು. ಮೊದಲು ಸುತ್ತಲಿನ ಹಾಳೆ ಕತ್ತರಿಸಿ. ನೋಟನ್ನು ಮುಖ ಕೆಳಗಾಗಿ ಒಣ ಒತ್ತುಕಾಗದದ ಮೇಲಿಡಿ. ಇನ್ನೊಂದು ಒತ್ತುಕಾಗದ ಒದ್ದೆ ಮಾಡಿ, ಹಿಂಡಿ, ಹನಿ ತೊಟ್ಟಿಕ್ಕದಂತೆ ನೋಡಿಕೊಂಡು ಹಾಳೆಯ ಬೆನ್ನಿಗೆ ಹೊದಿಸಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. 20 ನಿಮಿಷಕ್ಕೊಮ್ಮೆ ಮೂಲೆ ಎತ್ತಿ ನೋಡಿ. ಗೋಂದು, ಗಂಜಿ ಅಂಟು ನೀರುಂಡು ಉಬ್ಬಿದಾಗ ಹಾಳೆ ತಾನೇ ಸಡಿಲವಾಗುತ್ತದೆ. ನೋಟನ್ನು ಚಪ್ಪಟೆಯಾಗಿ ಒತ್ತಿ ಹಿಡಿದು, ಹಾಳೆಯನ್ನು ಹಿಂದಕ್ಕೆ ಮಡಚಿ ನಿಧಾನ ಸುರುಳಿ ಬಿಡಿಸಿ. ತಡೆದ ಕಡೆ ಎಳೆಯಬೇಡಿ, ಮತ್ತೆ ಒದ್ದೆ ಕಾಗದ ಹೊದಿಸಿ ಕಾಯಿರಿ. ಎಳೆದರೆ ನೋಟಿನ ಬೆನ್ನಿನ ಪದರವೇ ಕಿತ್ತು ತೆಳುವಾಗುತ್ತದೆ. ಬೆಳಕಿಗೆ ಹಿಡಿದ ಕೂಡಲೇ ಅದು ಗೊತ್ತಾಗುತ್ತದೆ, ಬೆಲೆಯೂ ಬೀಳುತ್ತದೆ. ಉಳಿದ ಜಿಗುಟನ್ನು ಒದ್ದೆ ಹತ್ತಿಯಿಂದ ಉರುಳಿಸಿ ತೆಗೆಯಿರಿ, ಉಜ್ಜಬೇಡಿ.

ಕೆಟಲ್‌ನ ಹಬೆಗೆ ಹಿಡಿಯುವ ಅಡ್ಡದಾರಿ ಬೇಡವೇ ಬೇಡ. ಬಿಸಿಗೆ ಕಾಗದ ಸುರುಳಿಯಾಗುತ್ತದೆ, ಹಬೆ ಎಲ್ಲಿಗೆ ತಾಗಬೇಕು ಎಂಬುದು ನಿಮ್ಮ ಹಿಡಿತದಲ್ಲಿರುವುದಿಲ್ಲ. ಸೆಲೊಟೇಪಿನ ಅಂಟಂತೂ ನೀರಿಗೆ ಬಗ್ಗುವುದೇ ಇಲ್ಲ. ಅದನ್ನು ಕಾಗದ ಸಂರಕ್ಷಕರಿಗೆ ಬಿಡಿ.

4. ಹೊಸ ಒತ್ತುಕಾಗದಗಳ ನಡುವೆ ಇಟ್ಟು, ದಪ್ಪ ಪುಸ್ತಕ ಹೇರಿ ಒಂದು ದಿನ ಒಣಗಿಸಿ. ಇಸ್ತ್ರಿ ಬೇಡ. ಕರಾವಳಿಯವರು ಈ ಕೆಲಸವನ್ನು ಮಳೆಗಾಲ ಮುಗಿದ ಮೇಲೆ ಮಾಡಿ. ಅರೆಬರೆ ಒಣಗಿದ ಕಾಗದಕ್ಕೆ ಬೂಷ್ಟು ಹಿಡಿಯುವುದು ಬೇಗ.

5. ಪಾಲಿಯೆಸ್ಟರ್ ಇಲ್ಲವೇ ಪಾಲಿಪ್ರಾಪಿಲೀನ್ ಜೇಬುಗಳಲ್ಲಿ ಇಡಿ. ಹೊಸ ರೇನ್‌ಕೋಟಿನಂತೆ ನಾತ ಹೊಡೆಯುವ ಅಗ್ಗದ ಪಿವಿಸಿ ಜೇಬು ಪುಕ್ಕಟೆ ಸಿಕ್ಕರೂ ಬೇಡ, ಅದರ ಎಣ್ಣೆ ಒಸರಿ ಶಾಯಿ ಅಂಟಿಕೊಳ್ಳುತ್ತದೆ. ಲ್ಯಾಮಿನೇಟ್ ಮಾಡಿಸಿದರೆ ನೋಟು ಹೋದಂತೆಯೇ. ಊರು, ಇಸವಿ, ಸರಣಿಯ ವಿವರವನ್ನು ಬೇರೆ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಜೇಬಿನೊಳಗೆ ಸೇರಿಸಿ.